ಕಳಚೆಯ ಗುಡ್ಡಕ್ಕೆ ಮೊದಲು ಬಂದವರು

ಶಿರಸಿ ಕಡೆಯ ಮಳೆಗಾಲ ಕಂಡವರಿಗೆ ಹಾವಸೆ ಎಂದರೇನೆಂದು ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಅಂಗಳದ ಕಲ್ಲು, ಬಾವಿಕಟ್ಟೆ, ಬಚ್ಚಲಮನೆಯ ಹಿಂದಿನ ಗೋಡೆ, ಕಡೆಗೆ ಮಾಡಿನ ಹಂಚಿನ ಮೇಲೂ ಹಸಿರು ಹತ್ತಿಕೊಳ್ಳುತ್ತದೆ. ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದವರು ಊರಿಗೆ ನಾಲ್ಕು ಜನರಾದರೂ ಸಿಗುತ್ತಾರೆ. ಅದಕ್ಕೇ ನಮ್ಮ ಹಳ್ಳಿಮನೆಗಳಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಾರೆ, ಓಡಾಡುವ ದಾರಿಗೆ ಅಡಿಕೆ ದಬ್ಬೆ ಜೋಡಿಸುತ್ತಾರೆ. ಮಳೆ ಹೊಳವಾದ ಮೇಲೆ ತಿಕ್ಕಿ ತೊಳೆಯುವ ಕೆಲಸ ಬೇರೆ.

2024ರ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು, ನಾನು ಹೀಗೆ ತಿಕ್ಕುತ್ತಿರುವಾಗ ಪಕ್ಕದಲ್ಲಿ ಕೂತು ಕೇಳಿದಳು: “ಅಜ್ಜಾ, ಇದಕ್ಕೆ ಯಾರೂ ಬೀಜ ಹಾಕಿಲ್ಲ, ಮಣ್ಣೂ ಇಲ್ಲ, ಗೊಬ್ಬರವೂ ಇಲ್ಲ. ಮತ್ತೆ ಕಲ್ಲಿನ ಮೇಲೆ ಹೇಗೆ ಬಂತು? ಅಂಟಾರ್ಕ್ಟಿಕಾದಲ್ಲಿ ಒಂದು ಮರವೂ ಇಲ್ವಂತೆ, ಆದ್ರೆ ಇದು ಇದೆಯಂತೆ. ನಮ್ಮ ಮಿಸ್ ಹೇಳಿದ್ರು.”

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದ ಗುಮಾಸ್ತ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ನೌಕರಿ ಮಾಡಿದವನು, ಸಾಲದ ತನಿಖೆಗೆಂದು ತೋಟ, ಬೆಟ್ಟ ತಿರುಗಿದವನು. ನಿವೃತ್ತಿಯಾದ ಮೇಲೆ ಓದುವ ಚಟವೂ ಹತ್ತಿದೆ. “ಬಾ, ಮೂರು ದಿನದಲ್ಲಿ ಮೂರು ತಾಲೂಕು ತಿರುಗಿ ನೋಡೋಣ” ಎಂದೆ. ಬೋಳು ಜಾಗಕ್ಕೆ ಮೊದಲು ಬರುವವರು ಯಾರು, ಆಮೇಲೆ ಬರುವವರು ಯಾರು, ಎಲ್ಲರಿಗಿಂತ ಕೊನೆಗೆ ಬರುವವರು ಯಾರು ಎಂಬುದಷ್ಟೇ ನಮ್ಮ ಹುಡುಕಾಟ.

ಹೊರಡುವ ಮೊದಲು ಮನೆಯ ಕಂಪೌಂಡನ್ನೇ ನೋಡಿದೆವು. ಮಕ್ಕಳೇ, ನೀವೂ ನಿಮ್ಮ ಮನೆಯ ಹಳೆಯ ಗೋಡೆಯನ್ನು ಹತ್ತಿರದಿಂದ ನೋಡಿ. ನಾವು ಎಲ್ಲದಕ್ಕೂ ಹಾವಸೆ ಎಂದು ಒಂದೇ ಹೆಸರು ಹೇಳಿಬಿಡುತ್ತೇವೆ. ಆದರೆ ನಮ್ಮ ಚಿರೆಕಲ್ಲಿನ ಗೋಡೆಯಲ್ಲಿ ಕಡಿಮೆಯೆಂದರೂ ನಾಲ್ಕು ಬಗೆಯ ಜನ ವಾಸವಾಗಿದ್ದರು. ಒಂದು, ಕಪ್ಪು-ಹಸಿರು ಲೋಳೆಯಂಥದು. ಇದು ನೀಲಿಹಸಿರು ಪಾಚಿ. ಹೆಸರು ಪಾಚಿ ಎಂದಿದ್ದರೂ ವಿಜ್ಞಾನಿಗಳು ಇದನ್ನು ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಿಸುತ್ತಾರೆ. ಎರಡನೆಯದು, ಇಟ್ಟಿಗೆ ಪುಡಿ ಎರಚಿದ ಹಾಗೆ ಕಾಣುವ ಕಿತ್ತಳೆ ಬಣ್ಣದ ಕಲೆ. ಅದು ನಿಜವಾಗಿ ಹಸಿರು ಪಾಚಿಯ ಜಾತಿಯದೇ, ಆದರೆ ಕ್ಯಾರೆಟ್ಟಿನಲ್ಲಿರುವಂಥ ಬಣ್ಣ ಅದರ ಹಸಿರನ್ನು ಮುಚ್ಚಿರುತ್ತದೆ. ಅಡಿಕೆ ಮರದ ಕಾಂಡದ ಮೇಲೂ ಇದನ್ನು ನೋಡಬಹುದು. ಮೂರನೆಯದು, ಸುಣ್ಣದ ಬೊಟ್ಟು ಇಟ್ಟಂತೆ ಬಿಳಿ-ಬೂದು ಬಣ್ಣದಲ್ಲಿ ಹರಡಿಕೊಂಡ ಕಲ್ಲುಹೂವು. ನಾಲ್ಕನೆಯದು ಮಖಮಲ್ಲಿನಂತೆ ಮೆತ್ತಗಿರುವ ನಿಜವಾದ ಹಾವಸೆ.

ಕಲ್ಲುಹೂವು ಎಂದ ಕೂಡಲೇ ನಮ್ಮ ಮನೆಯಾಕೆ ಒಳಗಿನಿಂದ ಮಸಾಲೆ ಡಬ್ಬಿ ತಂದು ಮೊಮ್ಮಗಳ ಕೈಗೆ ಒಣಗಿದ ಕಪ್ಪು-ಬೂದು ಚೂರೊಂದನ್ನು ಹಾಕಿದಳು. “ಪಲಾವಿಗೆ ಹಾಕ್ತೀವಲ್ಲೇ, ಇದೇ ಅದು.” ಗೋಡೆಯ ಮೇಲಿನದಕ್ಕೂ ಡಬ್ಬಿಯೊಳಗಿನದಕ್ಕೂ ಜಾತಿ ಬೇರೆ, ಕುಲ ಒಂದೇ. ಇದು ಒಂದು ಜೀವಿಯಲ್ಲ, ಎರಡು ಜೀವಿಗಳ ಜಂಟಿ ಖಾತೆ. ಬೂಸಲಿನ ಜಾತಿಯ ಶಿಲೀಂಧ್ರ ಮನೆ ಕಟ್ಟಿ ಕೊಡುತ್ತದೆ, ನೀರು ಹಿಡಿದಿಡುತ್ತದೆ. ಒಳಗೆ ಕೂತ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಇಬ್ಬರಿಗೂ ಬಡಿಸುತ್ತದೆ. ಬ್ಯಾಂಕಿನ ಜಂಟಿ ಖಾತೆಯಲ್ಲಿ ಒಬ್ಬರು ಇಲ್ಲವಾದರೆ ಇನ್ನೊಬ್ಬರು ವ್ಯವಹಾರ ನಡೆಸಬಹುದು, ಆದರೆ ಬೋಳುಕಲ್ಲಿನ ಮೇಲೆ ಹಾಗೆ ನಡೆಯದು. ಅಡುಗೆಯವನು ಹೋದರೆ ಮನೆಕಟ್ಟಿದವನು ಉಪವಾಸ.

ಈ ಕಲ್ಲುಹೂವು ಸುಮ್ಮನೆ ಕೂರುವುದಿಲ್ಲ. ತನ್ನೊಳಗಿನಿಂದ ಸಣ್ಣಗೆ ಆಮ್ಲ ಬಿಟ್ಟು ಕಲ್ಲಿನ ಮೈಯನ್ನು ಸವೆಸುತ್ತದೆ. ಬಿರುಕಿನಲ್ಲಿ ಧೂಳು ಕೂರುತ್ತದೆ. ಧೂಳಿನಲ್ಲಿ ಹಾವಸೆ ಕಾಲೂರುತ್ತದೆ. ಹಾವಸೆಗೆ ಬೇರೂ ಇಲ್ಲ, ಬೀಜವೂ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಗಾಳಿಯಲ್ಲಿ ತೇಲಿ ಬರುತ್ತವೆ. ಎಷ್ಟು ದೂರ ಬೇಕಾದರೂ ಬರಬಹುದು, ಅದಕ್ಕೆ ಬಸ್ಸು ಬೇಡ. ಮೊಮ್ಮಗಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಒಂದು ಪ್ರಯೋಗ ಹೇಳುತ್ತೇನೆ. ಏಪ್ರಿಲ್ ತಿಂಗಳಲ್ಲಿ ಗೋಡೆಯ ಹಾವಸೆ ಸುಟ್ಟ ಕಾಗದದಂತೆ ಕಪ್ಪಾಗಿ ಸತ್ತೇಹೋದಂತೆ ಇರುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಚಿಮುಕಿಸಿ ಸ್ವಲ್ಪ ಹೊತ್ತು ಕಾಯಿರಿ. ಎಲೆ ಬಿಚ್ಚಿ ಹಸಿರಾಗುತ್ತದೆ. ಅಂಟಾರ್ಕ್ಟಿಕಾದ ಸಮೀಪದ ಸಿಗ್ನಿ ದ್ವೀಪದಲ್ಲಿ 1500 ವರ್ಷಗಳಿಗೂ ಹೆಚ್ಚು ಕಾಲ ಹಿಮಗಟ್ಟಿದ್ದ ಹಾವಸೆಯನ್ನು ಪ್ರಯೋಗಾಲಯಕ್ಕೆ ತಂದು ಬೆಳಕು, ನೀರು ಕೊಟ್ಟಾಗ ಮತ್ತೆ ಚಿಗುರಿತೆಂದು 2014ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ನಮ್ಮಲ್ಲಿ ಕದಂಬರ ಬನವಾಸಿ ಮೆರೆಯುತ್ತಿದ್ದ ಕಾಲಕ್ಕೆ ಮಲಗಿದ ಹಾವಸೆ ನಮ್ಮ ಕಾಲದಲ್ಲಿ ಎದ್ದಿತು ಎಂದರೆ ಏನು ಕಡಿಮೆಯೇ!

ಮೊದಲನೆಯ ದಿನ ಸಹಸ್ರಲಿಂಗಕ್ಕೆ ಹೋದೆವು. ಶಿರಸಿಯಿಂದ ಯಲ್ಲಾಪುರದ ರಸ್ತೆಯಲ್ಲಿ ಭೈರುಂಬೆ ದಾಟಿ ಸ್ವಲ್ಪ ಒಳಗೆ ಹೋದರೆ ಶಾಲ್ಮಲಾ ಹೊಳೆ. ಸೋದೆಯ ಅರಸು ಸದಾಶಿವರಾಯನ ಕಾಲದಲ್ಲಿ, ಎಂದರೆ 1678ರಿಂದ 1718ರ ನಡುವೆ, ಹೊಳೆಯ ಬಂಡೆಗಳಲ್ಲೇ ಲಿಂಗಗಳನ್ನೂ ನಂದಿಗಳನ್ನೂ ಕೆತ್ತಿಸಿದರಂತೆ. ಪ್ರವಾಸಿಗರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾವು ಕಲ್ಲಿನ ಮೇಲೆ ಬೆಳೆದದ್ದನ್ನು ನೋಡುತ್ತ ಕೂತೆವು.

ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಳೆಯ ನಡುವಿನ ಲಿಂಗಗಳ ಮೇಲೆ ತೆಳ್ಳಗಿನ ಪಾಚಿ ಬಿಟ್ಟರೆ ಏನೂ ಇಲ್ಲ. ದಡದ ಮೇಲಿನ ಬಂಡೆಗಳಲ್ಲಿ ಕಲ್ಲುಹೂವು, ಹಾವಸೆ, ಬಿರುಕಿನಲ್ಲಿ ಒಂದೊಂದು ಹುಲ್ಲಿನ ಬುಡ, ಒಂದು ಕಡೆ ಬೆರಳುದ್ದದ ಜರಿಗಿಡ. ಎರಡೂ ಒಂದೇ ಕಲ್ಲು, ಒಂದೇ ವಯಸ್ಸು, ಒಂದೇ ಮಳೆ. ವ್ಯತ್ಯಾಸವೆಂದರೆ, ನಡುವಿನ ಕಲ್ಲಿನ ಮೇಲೆ ವರ್ಷವಿಡೀ ಕೂಡಿದ ಧೂಳು, ಪಾಚಿಗಳನ್ನೆಲ್ಲ ಜುಲೈ ತಿಂಗಳ ಪ್ರವಾಹ ಒಂದೇ ಸಲಕ್ಕೆ ಗುಡಿಸಿಕೊಂಡು ಹೋಗುತ್ತದೆ. ಪ್ರತಿ ವರ್ಷ ಸೊನ್ನೆಯಿಂದಲೇ ಖಾತೆ ತೆರೆಯಬೇಕು. ಮುನ್ನೂರು ವರ್ಷವಾದರೂ ಅಲ್ಲಿ ಒಂದು ಚಮಚ ಮಣ್ಣು ಜಮಾ ಆಗಿಲ್ಲ.

“ಹಾಗಾದ್ರೆ ಅಂಟಾರ್ಕ್ಟಿಕಾದಲ್ಲಿ?” ಎಂದಳು ಹುಡುಗಿ. ಶಾಲ್ಮಲೆಯ ಬಂಡೆಯ ಮೇಲೆ ಕೂತು ಬುತ್ತಿಯ ಅವಲಕ್ಕಿ ತಿನ್ನುತ್ತ ನಾನು ಓದಿದ್ದನ್ನೆಲ್ಲ ಹೇಳಿದೆ.

ಅಂಟಾರ್ಕ್ಟಿಕಾ ನಮ್ಮ ಭಾರತದ ನಾಲ್ಕು ಪಟ್ಟು ದೊಡ್ಡದು. ಅದರಲ್ಲಿ ಹಿಮವಿಲ್ಲದ ಬರಿ ನೆಲ ನೂರಕ್ಕೆ ಒಂದು ಪಾಲೂ ಇಲ್ಲ. ಆ ಚೂರುಪಾರು ನೆಲದಲ್ಲೇ ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಸಂಶೋಧನಾ ಕೇಂದ್ರಗಳಿವೆ. ಅಲ್ಲಿಯೂ ಕಲ್ಲಿಗೆ ಮೊದಲು ಬರುವವರು ನಮ್ಮ ಅಂಗಳದವರೇ. ನೀಲಿಹಸಿರು ಪಾಚಿ, ಕಲ್ಲುಹೂವು, ಹಾವಸೆ. ಚಳಿ ತಡೆಯಲಾರದೆ ಕೆಲವು ಕಲ್ಲುಹೂವುಗಳು ಮರಳುಗಲ್ಲಿನ ಒಳಗೇ, ಮೇಲ್ಮೈಯಿಂದ ಒಂದೆರಡು ಮಿಲಿಮೀಟರು ಕೆಳಗೆ, ಸಂದಿಗಳಲ್ಲಿ ಬದುಕುತ್ತವೆ. ಕಲ್ಲೇ ಅವುಗಳ ಕಂಬಳಿ. ಅಲ್ಲಿಯವೇ ಆದ ಹೂಬಿಡುವ ಗಿಡಗಳೆಂದರೆ ಆ ಇಡೀ ಖಂಡಕ್ಕೆ ಎರಡೇ ಎರಡು ಜಾತಿ. ಒಂದು ಕೂದಲಿನಂಥ ಹುಲ್ಲು, ಇನ್ನೊಂದು ಮುಷ್ಟಿಯಷ್ಟು ಗುಪ್ಪೆಯಾಗಿ ಬೆಳೆಯುವ ಪುಟ್ಟ ಗಿಡ. ಅವೂ ಉತ್ತರಕ್ಕೆ ಚಾಚಿಕೊಂಡಿರುವ ಪರ್ಯಾಯ ದ್ವೀಪದ ಕಡೆ ಮಾತ್ರ.

2017ರಲ್ಲಿ ಭಾರತಿ ಕೇಂದ್ರದ ಬಳಿ ಪಂಜಾಬ್ ಕೇಂದ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಹಾವಸೆಯನ್ನು ಕಂಡು ತಂದರು. ಎಲ್ಲ ಪರೀಕ್ಷೆ ಮುಗಿದು ಅದು ಹೊಸ ಜಾತಿಯೆಂದು ಜಗತ್ತಿಗೆ ಗೊತ್ತಾದದ್ದು 2021ರಲ್ಲಿ. ಅದಕ್ಕೆ ಭಾರತಿಯ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಅದಕ್ಕೆ ಗೊಬ್ಬರ ಎಲ್ಲಿಂದ ಗೊತ್ತೇ? ಪೆಂಗ್ವಿನ್ ಹಕ್ಕಿಗಳ ಹಿಕ್ಕೆ! ಪೆಂಗ್ವಿನ್‌ಗಳು ಮರಿಮಾಡುವ ಜಾಗದಲ್ಲೇ ಅದು ಹೆಚ್ಚು ಬೆಳೆಯುತ್ತದೆ. ಕೊಟ್ಟಿಗೆ ಗೊಬ್ಬರಕ್ಕಾಗಿ ದಿನವೆಲ್ಲ ದುಡಿಯುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊಮ್ಮಗಳು ನಕ್ಕು ನಕ್ಕು ಅವಲಕ್ಕಿ ಗಂಟಲಿಗೆ ಸಿಕ್ಕಿಸಿಕೊಂಡಳು.

ಈಗ ಅಲ್ಲಿ ಸೆಕೆ ಏರುತ್ತಿದೆ. ನಮ್ಮ ಸೆಕೆಯಂಥದಲ್ಲ, ಆದರೆ ಹಿಮ ಕರಗಿ ಹೊಸ ಕಲ್ಲು ಹೊರಬರಲು ಅದು ಸಾಕು. ಉಪಗ್ರಹದ ಚಿತ್ರಗಳನ್ನು ಲೆಕ್ಕ ಹಾಕಿದವರು 2024ರಲ್ಲಿ ಹೇಳಿದ ಪ್ರಕಾರ, ಆ ಪರ್ಯಾಯ ದ್ವೀಪದಲ್ಲಿ ಹಸಿರು ಇದ್ದ ಜಾಗ 1986ರಲ್ಲಿ ಒಂದು ಚದರ ಕಿಲೋಮೀಟರೂ ಇರಲಿಲ್ಲ. 2021ರ ಹೊತ್ತಿಗೆ ಸುಮಾರು 12 ಚದರ ಕಿಲೋಮೀಟರು ಆಗಿತ್ತು. ಹೆಚ್ಚಿನದು ಹಾವಸೆಯೇ. ಸಿಗ್ನಿ ದ್ವೀಪದಲ್ಲಿ ಕೂದಲುಹುಲ್ಲು 2009ರಿಂದ 2018ರ ಒಳಗೆ ಹರಡಿದಷ್ಟು ಅದಕ್ಕೂ ಮುಂಚಿನ ಐವತ್ತು ವರ್ಷಗಳಲ್ಲಿ ಹರಡಿರಲಿಲ್ಲ.

“ಹಸಿರಾದ್ರೆ ಒಳ್ಳೇದಲ್ವಾ ಅಜ್ಜಾ?”

ಈ ಪ್ರಶ್ನೆಗೆ ಶಾಲ್ಮಲೆಯ ದಡದಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಕಳಚೆಗೆ ಹೋಗಬೇಕು.

ಕಳಚೆ ಯಲ್ಲಾಪುರ ತಾಲೂಕಿನಲ್ಲಿ, ವಜ್ರಳ್ಳಿಯ ಕಡೆ. ಕಾಡಿನ ಇಳಿಜಾರು, ಕಣಿವೆಯಲ್ಲಿ ಅಡಿಕೆ ತೋಟ, ಅಲ್ಲೊಂದು ಇಲ್ಲೊಂದು ಮನೆ. 2021ರ ಜುಲೈ ತಿಂಗಳಲ್ಲಿ ಬಿಟ್ಟೂಬಿಡದೆ ಸುರಿದ ಮಳೆಗೆ ಗುಡ್ಡದ ಮೈ ಕಳಚಿ ಕೆಳಗೆ ಬಂತು. ಮನೆಗಳು ಹಾಳಾದವು, ರಸ್ತೆ ಹೋಯಿತು, ತಲೆಮಾರುಗಳಿಂದ ಸಾಕಿದ ತೋಟಗಳು ಮಣ್ಣಿನಡಿ ಸೇರಿದವು. ಪತ್ರಿಕೆಗಳಲ್ಲಿ ದಿನಗಟ್ಟಲೆ ಸುದ್ದಿಯಾಯಿತು. ಊರನ್ನೇ ಬೇರೆ ಕಡೆಗೆ ಸಾಗಿಸುವ ಮಾತೂ ಬಂತು.

ನಾನು ಯಲ್ಲಾಪುರದಲ್ಲಿದ್ದಾಗ ಪರಿಚಯವಾಗಿದ್ದ ಒಬ್ಬ ಹಿರಿಯರ ತೋಟ ಅಲ್ಲಿದೆ. ಹಿಂದೆ ಅವರ ಬೆಳೆಸಾಲದ ಕಾಗದ ನನ್ನ ಮೇಜಿನ ಮೇಲೆ ಬರುತ್ತಿತ್ತು. ಒಂದು ಸಲವೂ ಕಂತು ತಪ್ಪಿಸಿದವರಲ್ಲ. 2022ರ ಜನವರಿಯಲ್ಲಿ ಅವರನ್ನು ಮಾತಾಡಿಸಿಕೊಂಡು ಬರೋಣವೆಂದು ಹೋಗಿದ್ದೆ. ಹಸಿರು ಗುಡ್ಡದ ನಡುವೆ ಮೇಲಿನಿಂದ ಕೆಳತನಕ ಕೆಂಪು ಗಾಯ. ದೊಡ್ಡ ದೊಡ್ಡ ಬಂಡೆ, ಅದರ ನಡುವೆ ಅಡಿಕೆ ಮರಗಳು ಬೇರು ಮೇಲಾಗಿ ನಿಂತಿದ್ದವು. ತೋಟದ ಅರ್ಧ ಹೋಗಿತ್ತು. ಅವರು ಒಂದು ಹಿಡಿ ಮಣ್ಣು ತೆಗೆದು, ಚೂರು ನೀರು ಹಾಕಿ, ನನ್ನ ಮೂಗಿನ ಹತ್ತಿರ ಹಿಡಿದರು. “ಮೂಸಿ ನೋಡಿ. ವಾಸನೆಯೇ ಇಲ್ಲೆ. ಇದು ಇನ್ನೂ ಮಣ್ಣು ಆಜಿಲ್ಲೆ, ಬರೀ ಕೆಂಪು ಹಿಟ್ಟು.” ಆಜಿಲ್ಲೆ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಆಗಿಲ್ಲ ಎಂದು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮಣ್ಣಿನದಲ್ಲ, ಅದರೊಳಗಿನ ಸೂಕ್ಷ್ಮಜೀವಿಗಳದು. ಅವು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವನ್ನು ನಮ್ಮ ಮೂಗು ಎಷ್ಟು ಕಡಿಮೆಯಿದ್ದರೂ ಹಿಡಿಯುತ್ತದೆ. ಕಾಡಿನ ಒಂದು ಚಮಚ ಮೇಲ್ಮಣ್ಣಿನಲ್ಲಿ ಕೋಟಿಗಟ್ಟಲೆ ಇಂಥ ಜೀವಿಗಳಿರುತ್ತವೆ. ಗುಡ್ಡ ಕಳಚಿದಾಗ ಆ ಮೇಲ್ಮಣ್ಣು ಹೊಳೆಗೆ ಹೋಗಿ, ಬಹಳ ಆಳದಲ್ಲಿದ್ದದ್ದು ಬಿಸಿಲಿಗೆ ಬಂದಿತ್ತು. ಅಲ್ಲಿ ವಾಸನೆ ಎಬ್ಬಿಸುವವರು ಯಾರೂ ಇರಲಿಲ್ಲ, ಅಥವಾ ಇದ್ದರೂ ಬೆರಳೆಣಿಕೆ. ಹಿಮ ಸರಿದು ಹೊಸದಾಗಿ ಹೊರಬಿದ್ದ ಅಂಟಾರ್ಕ್ಟಿಕಾದ ನೆಲಕ್ಕೂ ಆ ದಿನದ ಕಳಚೆಯ ಇಳಿಜಾರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಸೆಕೆ, ಅಲ್ಲಿ ಚಳಿ, ಅಷ್ಟೇ.

ಗುಡ್ಡ ಯಾಕೆ ಕಳಚಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಇಳಿಜಾರು, ಮಣ್ಣಿನ ಗುಣ, ನೀರು ಇಂಗಿ ಒಳಗೆ ಕೂಡಿದ್ದು, ಕಾಡು ತೆಳ್ಳಗಾದದ್ದು. ಒಂದು ಮಾತು ಮಾತ್ರ ಭೌತಶಾಸ್ತ್ರದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತದ್ದನ್ನು ಎಲ್ಲಾದರೂ ಇಳಿಸಲೇಬೇಕು. ವಾರದ ಮಳೆ ಎರಡು ದಿನದಲ್ಲಿ ಬಿದ್ದರೆ ಗುಡ್ಡ ಏನು ಮಾಡೀತು? 2024ರ ಜುಲೈನಲ್ಲಿ ನಮ್ಮ ಜಿಲ್ಲೆಯದೇ ಶಿರೂರಿನಲ್ಲಿ, ಅಂಕೋಲೆಯ ಹತ್ತಿರ, ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಹಾನಿಯಾದದ್ದನ್ನು ಎಲ್ಲರೂ ಓದಿದ್ದೀರಿ. ಧ್ರುವದಲ್ಲಿ ಹಿಮ ಕರಗಿ ಬೋಳು ನೆಲ ಹುಟ್ಟುತ್ತಿದೆ, ನಮ್ಮಲ್ಲಿ ಗುಡ್ಡ ಜಾರಿ ಹುಟ್ಟುತ್ತಿದೆ.

ಎರಡನೆಯ ದಿನ ಸಿದ್ದಾಪುರದ ಸರದಿ. ಕಳಚೆಗೆ ಮೊದಲು ಕತ್ತಲೆಕಾನನ್ನು ಮೊಮ್ಮಗಳಿಗೆ ತೋರಿಸಬೇಕಿತ್ತು. ಸಾಲ ಎಷ್ಟಾಗಿದೆಯೆಂದು ಹೇಳುವ ಮುಂಚೆ ಮೂಲಧನ ಎಷ್ಟಿತ್ತು ಎಂದು ತೋರಿಸುವುದು ನಮ್ಮ ಬ್ಯಾಂಕಿನವರ ಕ್ರಮ.

ಸಿದ್ದಾಪುರದಿಂದ ಮಾವಿನಗುಂಡಿ ದಾಟಿ ಹೊನ್ನಾವರದ ಘಟ್ಟದ ಕಡೆ ಇಳಿಯುವಾಗ ಸಿಗುವ ಕಾಡು ಕತ್ತಲೆಕಾನು. ಹೆಸರಿಗೆ ತಕ್ಕಂತೆ ಮಧ್ಯಾಹ್ನವೂ ಸಂಜೆಯ ಬೆಳಕು. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ವರ್ಷವಿಡೀ ನೀರು ಜಿನುಗುವ ಕೆಸರು ನೆಲ. ಜಾಯಿಕಾಯಿಯ ಬಳಗಕ್ಕೆ ಸೇರಿದ ಮರಗಳು ಆ ಕೆಸರಿನಲ್ಲಿ ನಿಂತು, ಉಸಿರಾಡಲೆಂದು ಬೇರನ್ನು ಮೊಣಕಾಲಿನಂತೆ ಮಡಚಿ ಮೇಲಕ್ಕೆ ಎತ್ತಿರುತ್ತವೆ. ಕೆಲವು ಮರಗಳು ಊರುಗೋಲು ಹಿಡಿದಂತೆ ಕಾಂಡದಿಂದಲೇ ಬೇರು ಇಳಿಬಿಟ್ಟಿವೆ. “ನಿನ್ನ ಹಾಗೇ ಅಜ್ಜಾ” ಎಂದಳು ತುಂಟಿ, ನನ್ನ ಕೋಲು ನೋಡಿ.

2000ನೇ ಇಸವಿಯಲ್ಲಿ ಇದೇ ಕಾಡಿನ ಹೆಸರಿನಲ್ಲಿ ಗೇರಿನ ಬಳಗದ ಹೊಸ ಮರವೊಂದನ್ನು ವಿಜ್ಞಾನಿಗಳು ಗುರುತಿಸಿದರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು. ಅಂಥ ಮರಗಳು ಬಹಳ ಕಡಿಮೆ. ಸಿಂಗಳೀಕಗಳೂ ಈ ಕಾಡಿನಲ್ಲಿವೆ. ನಮ್ಮ ಅದೃಷ್ಟಕ್ಕೆ ಕೂಗು ಮಾತ್ರ ಕೇಳಿತು.

ನಾನು ತೋರಿಸಬೇಕೆಂದಿದ್ದದ್ದು ಕಾಲಡಿಯ ನೆಲವನ್ನು. ರಸ್ತೆಯಂಚಿನಲ್ಲೇ ಕೂತು ಒಣಗಿದ ಎಲೆ ಸರಿಸಿದೆವು. ಅದರ ಕೆಳಗೆ ಅರೆ ಕೊಳೆತ ಎಲೆ, ಅದರ ಕೆಳಗೆ ಕಪ್ಪು ಪುಡಿ, ನಡುವೆ ಬಿಳಿ ನೂಲಿನಂಥ ಶಿಲೀಂಧ್ರ. ಮೂಗಿಗೆ ಹಿಡಿದರೆ ಗಾಢವಾದ ವಾಸನೆ. ಅಲ್ಲಿ ಬಿದ್ದಿದ್ದ ರಾಮಪತ್ರೆಯ ಜಾತಿಯ ಒಂದು ಬೀಜವನ್ನು ಅವಳ ಅಂಗೈಮೇಲೆ ಇಟ್ಟೆ. ಅದು ಗಾಳಿಯಲ್ಲಿ ಹಾರೀತೇ? ಮಂಗಟ್ಟೆ ಹಕ್ಕಿಯಂಥ ದೊಡ್ಡ ಬಾಯಿಯವರೇ ನುಂಗಿ ಒಯ್ಯಬೇಕು. ಒಯ್ದು ಹಾಕಿದರೂ ಬೋಳುಕಲ್ಲಿನ ಮೇಲೆ ಬಿದ್ದರೆ ಒಣಗಿ ಸಾಯುತ್ತದೆ. ನೆರಳು, ತೇವ, ಎಲೆಗೊಬ್ಬರ ಎಲ್ಲ ಸಿದ್ಧವಾದ ಮೇಲೆ ಬರುವ ಅತಿಥಿ ಇದು. ಹಾವಸೆ ಬೇಗ ಬರುತ್ತದೆ, ಏಕೆಂದರೆ ಹಗುರ, ಅದಕ್ಕೆ ಏನೂ ಬೇಡ. ರಾಮಪತ್ರೆ ಕೊನೆಗೆ ಬರುತ್ತದೆ. ಇವೆರಡರ ನಡುವಿನ ಕಾಲವನ್ನು ಮನುಷ್ಯರ ಆಯುಸ್ಸಿನಲ್ಲಿ ಅಳೆಯಲು ಬರುವುದಿಲ್ಲ. ಬೀಜವನ್ನು ಇದ್ದಲ್ಲೇ ಇಟ್ಟು ಎಲೆ ಮುಚ್ಚಿ ಬಂದೆವು.

ಮೂರನೆಯ ದಿನ ಕಳಚೆ. ಎರಡು ವರ್ಷ ಒಂಬತ್ತು ತಿಂಗಳ ನಂತರ ನಾನು ಮತ್ತೆ ಕಾಲಿಟ್ಟದ್ದು. ದೂರದಿಂದ ನೋಡಿದರೆ ಗಾಯ ಅರ್ಧಕ್ಕರ್ಧ ಮುಚ್ಚಿತ್ತು. “ಹಸಿರಾಗಿದೆ ಅಜ್ಜಾ!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಹಿರಿಯರು ಕೋಲೂರಿಕೊಂಡು ನಮ್ಮ ಜೊತೆ ಬಂದರು. ಅವರು ದಿನಾ ನೋಡಿದವರಾದ್ದರಿಂದ ಯಾವುದು ಯಾವ ಮಳೆಗಾಲಕ್ಕೆ ಬಂತೆಂದು ಬಾಯಿಪಾಠದಂತೆ ಹೇಳಿದರು. ಮೊದಲ ಮಳೆಗಾಲ ಮುಗಿಯುವಾಗ ನೀರು ಜಿನುಗುವಲ್ಲಿ ಕಪ್ಪು-ಹಸಿರು ಲೋಳೆ, ಬಂಡೆಯ ನೆರಳಿನಲ್ಲಿ ಹಾವಸೆ. ಮರುವರ್ಷ ಹುಲ್ಲು, ದರೆಯ ಅಂಚಿಗೆ ಜರಿ. ಆಮೇಲೆ ನಾಚಿಕೆಮುಳ್ಳು, ನೇರಳೆ ಬಣ್ಣದ ಹೂವಿನ ನೆಕ್ಕರಿಕ, ಛತ್ರಿಯಂಥ ದುಂಡು ಎಲೆಯ ಚಂದಕಲು.

ಆ ಲೋಳೆ ನೋಡಿ ಯಾರಿಗಾದರೂ ಅಸಹ್ಯವಾದೀತು. ನಾಸ್ಟಾಕ್ ಎಂಬ ನೀಲಿಹಸಿರು ಪಾಚಿ ಇಂಥ ಲೋಳೆ ಕಟ್ಟುವ ಜಾತಿಗಳಲ್ಲೊಂದು. ಅಂಟಾರ್ಕ್ಟಿಕಾದಲ್ಲೂ ಇದರ ನೆಂಟರಿದ್ದಾರೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವ ವಿದ್ಯೆ ಇದಕ್ಕೆ ಗೊತ್ತು. ನಾವು ಅಂಗಡಿಯಿಂದ ಚೀಲಗಟ್ಟಲೆ ಯೂರಿಯಾ ತರುವ ಕೆಲಸವನ್ನು ಅದು ಬಿಟ್ಟಿಯಾಗಿ ಮಾಡುತ್ತದೆ. ನಾಚಿಕೆಮುಳ್ಳಿನದೂ ಅದೇ ಉದ್ಯೋಗ, ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬಾಡಿಗೆಗೆ ಇಟ್ಟುಕೊಂಡು. ಒಂದು ಗಿಡ ಕಿತ್ತು ಗಂಟು ಸೀಳಿ ತೋರಿಸಿದೆ, ಒಳಗೆ ತಿಳಿ ಗುಲಾಬಿ. ಅದು ಕೆಲಸ ನಡೆಯುತ್ತಿದೆ ಎಂಬುದರ ಗುರುತು. ನೆಕ್ಕರಿಕದ ಕುಡಿಯನ್ನು ಮೊಮ್ಮಗಳು ತಂಬುಳಿಗೆಂದು ಒಂದು ಹಿಡಿ ಕೊಯ್ದುಕೊಂಡಳು.

ಮುರಿದ ಅಡಿಕೆ ಮರದ ಬೊಡ್ಡೆಗಳ ಬುಡದಲ್ಲಿ ಚಂದಕಲು ಸಸಿಗಳು ಒತ್ತಾಗಿದ್ದವು, ಬಯಲಿನಲ್ಲಿ ವಿರಳ. ಪಿಕಳಾರ ಹಕ್ಕಿಗೆ ಕೂರಲು ಒಂದು ಜಾಗ ಬೇಕು. ಕೂತಲ್ಲೇ ಹಿಕ್ಕೆ, ಹಿಕ್ಕೆಯಲ್ಲಿ ಬೀಜ. ಸತ್ತ ಮರವೂ ಕಾಡು ಬೆಳೆಸುತ್ತದೆ ಎಂದು ಅಲ್ಲಿ ಕಣ್ಣಾರೆ ಕಂಡೆ. ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಅಂಥ ಬೊಡ್ಡೆಗಳನ್ನು ಕಿತ್ತು ಸೌದೆಗೆ ಒಯ್ಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಆದರೆ ದೂರದಿಂದ ಕಂಡ ಹಸಿರಿನಲ್ಲಿ ಬಹುಪಾಲು ಇವರು ಯಾರದೂ ಆಗಿರಲಿಲ್ಲ. ಅದು ಯುಪಟೋರಿಯಂ. ಅಮೆರಿಕ ಖಂಡದಿಂದ ಬಂದು ನಮ್ಮ ಬೆಟ್ಟಗಳನ್ನೆಲ್ಲ ಆವರಿಸಿದ ಕಳೆ. ಹತ್ತಿಯ ಎಳೆ ಕಟ್ಟಿಕೊಂಡ ಬೀಜ ಗಾಳಿಯಲ್ಲಿ ಬರುತ್ತದೆ, ಮಣ್ಣು ಎತ್ತಲು ಬಂದ ಜೆಸಿಬಿಯ ಚಕ್ರಕ್ಕೆ ಮೆತ್ತಿಕೊಂಡೂ ಬರುತ್ತದೆ. ಮಣ್ಣನ್ನು ಸ್ವಲ್ಪ ಹಿಡಿದಿಡುವುದು ನಿಜ. ಆದರೆ ಅದರಡಿ ಬೇರೆ ಸಸಿಗೆ ಬೆಳಕಿಲ್ಲ, ದನ ಮೂಸುವುದಿಲ್ಲ, ಬೇಸಿಗೆಯಲ್ಲಿ ಒಣಗಿದರೆ ಬೆಂಕಿಗೆ ಆಹಾರ.

ಅಂಟಾರ್ಕ್ಟಿಕಾದಲ್ಲೂ ಇದೇ ಚಿಂತೆ. ನಮ್ಮ ಲಾನಿನ ಹುಲ್ಲಿನ ಹಾಗಿರುವ ಯುರೋಪಿನ ಒಂದು ಹುಲ್ಲು ಮನುಷ್ಯರ ಬೂಟು, ಸಾಮಾನುಗಳ ಜೊತೆ ಹೋಗಿ 1980ರ ದಶಕದಲ್ಲಿ ಅಲ್ಲಿನ ಪೋಲೆಂಡ್ ಕೇಂದ್ರದ ಬಳಿ ಬೇರೂರಿತು. ಅದನ್ನು ಕಿತ್ತು ಹಾಕುವ ಪ್ರಯತ್ನವೂ ನಡೆದಿದೆ. ಈಗ ಅಲ್ಲಿ ಇಳಿಯುವ ಮುಂಚೆ ಪ್ರವಾಸಿಗಳ ಜೇಬು, ಚೀಲದ ಸಂದಿ, ಬೂಟಿನ ಅಡಿಯನ್ನೆಲ್ಲ ಕೊಡವಿ ಶುದ್ಧ ಮಾಡಿಸುತ್ತಾರೆ. ಮೊಮ್ಮಗಳು ತನ್ನ ಸಾಕ್ಸಿಗೆ ಅಂಟಿದ ಹುಲ್ಲಿನ ಮುಳ್ಳುಗಳನ್ನು ನೋಡಿಕೊಂಡಳು. ಹಸಿರಾದರೆ ಒಳ್ಳೆಯದಲ್ಲವೇ ಎಂದು ಶಾಲ್ಮಲೆಯ ದಡದಲ್ಲಿ ಕೇಳಿದವಳು ಈಗ ಬೇರೆ ಪ್ರಶ್ನೆ ಕೇಳಿದಳು: “ಯಾರ ಹಸಿರು ಅಂತ ನೋಡ್ಬೇಕು, ಅಲ್ವಾ?”

ಹಿರಿಯರು ತಮ್ಮ ಪಾಲಿಗೆ ಉಳಿದ ಒಂದು ಮೂಲೆಗೆ ಕರೆದೊಯ್ದರು. ಕೆಂಪು ಮಣ್ಣಿನ ಮೇಲೆ ಮೂರು ವರ್ಷಗಳಿಂದ ಸೊಪ್ಪಿನ ಬೆಟ್ಟದ ಎಲೆ, ದರಕು, ಸಗಣಿ ಹಾಸುತ್ತ ಬಂದಿದ್ದಾರೆ. ಯುಪಟೋರಿಯಂ ಹೂಬಿಡುವ ಮುಂಚೆ ಕಡಿದು ಅದನ್ನೂ ಅಲ್ಲೇ ಮುಚ್ಚುತ್ತಾರೆ. ಕಾಡು ನೂರು ವರ್ಷದಲ್ಲಿ ಮಾಡುವುದನ್ನು ಇವರು ಹೆಡಿಗೆ ಹೊತ್ತು ಬೇಗ ಮಾಡಲು ನೋಡುತ್ತಿದ್ದಾರೆ. ಎಲೆ ಸರಿಸಿದರೆ ನೆಲದ ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿತ್ತು. ಸಣ್ಣ ಸಣ್ಣ ಗುಳಿಗೆಯಂಥ ಎರೆಹುಳದ ಹಿಕ್ಕೆ ಬಿದ್ದಿತ್ತು. “ಇದು ಕಂಡದ್ದು ಈ ವರ್ಷವೇ ಮೊದ್ಲು” ಎಂದರು.

ಆ ಮೂಲೆಯಲ್ಲಿ ಹನ್ನೆರಡು ಅಡಿಕೆ ಸಸಿ ಇಟ್ಟಿದ್ದಾರೆ. ಫಲ ಬರಲು ಐದಾರು ವರ್ಷವಾದರೂ ಬೇಕು, ಅವರ ವಯಸ್ಸು ಎಪ್ಪತ್ತೆಂಟು. ಮಗ ಹುಬ್ಬಳ್ಳಿಗೆ ಬನ್ನಿ ಎನ್ನುತ್ತಾನೆ. ಮಳೆ ಜೋರಾದ ರಾತ್ರಿ ಮನೆಯವರೆಲ್ಲ ಎದ್ದು ಕೂರುತ್ತಾರಂತೆ, ಗುಡ್ಡದ ಕಡೆ ಕಿವಿಯಿಟ್ಟು.

“ಬಿಟ್ಟು ಹೋಗಿ ಅಂದ್ರೆ ಹೋಪ್ದೇಯಾ. ಅಲ್ಲಿವರೆಗೆ ಸುಮ್ನೆ ಕೂತ್ಗಂಬಲೆ ಆಗ್ತಿಲ್ಲೆ” ಎಂದು ಅವರು ಒಂದು ಸಸಿಯ ಬುಡಕ್ಕೆ ಸೊಪ್ಪು ಒತ್ತಿದರು.

ಮೊಮ್ಮಗಳು ಯಾರೂ ಹೇಳದೆಯೇ ಆ ಬುಡದ ಮಣ್ಣನ್ನು ಒಂದು ಚಿಟಿಕೆ ತೆಗೆದು ನೀರಿನ ಬಾಟಲಿಯಿಂದ ನಾಲ್ಕು ಹನಿ ಹಾಕಿ ಮೂಸಿದಳು. ಹಿಂದಿನ ದಿನದ ಕತ್ತಲೆಕಾನಿನ ನೆನಪು ಅವಳ ಮೂಗಿನಲ್ಲಿ ಇನ್ನೂ ಇತ್ತು.

“ಅಷ್ಟಿಲ್ಲ ಅಜ್ಜಾ. ಆದ್ರೆ ಸ್ವಲ್ಪ ಬರ್ತಿದೆ” ಎಂದಳು.

ಹಿರಿಯರು ತಾವೂ ಒಂದು ಚಿಟಿಕೆ ಮೂಸಿ, ಏನೂ ಹೇಳದೆ, ಮುಂದಿನ ಸಸಿಯ ಕಡೆ ಹೋದರು.